ನಿಮಗಿದು ಗೊತ್ತೇ? ಕಳ್ಳ ಸಿಕ್ಕರೂ ಮುಗಿಯದ ಕಥೆಗಳು

ಪತ್ತೇದಾರಿ ಕಥೆಯಲ್ಲಿ ಕಳ್ಳ ಸಿಕ್ಕನೆಂದರೆ ಪುಸ್ತಕ ಮುಚ್ಚಿಡಬಹುದು. ಕಳ್ಳನ ಬೆನ್ನಿಗೆ ಠಾಣೆಯೇ ನಿಂತಿದ್ದರೆ? ಅಂಥ ಕಥೆಗಳ ಬಗ್ಗೆ ಒಂದಿಷ್ಟು ಸಂಗತಿಗಳು.

● ಹಾಂಗ್‌ಕಾಂಗ್‌ನ ‘ಇನ್ಫರ್ನಲ್ ಅಫೇರ್ಸ್’ (2002) ಚಿತ್ರಕ್ಕೆ ಎರಡು ಕೊನೆಗಳಿವೆ. ಪೊಲೀಸರ ನಡುವೆ ಗ್ಯಾಂಗಿನ ಗೂಢಚಾರ, ಗ್ಯಾಂಗಿನ ನಡುವೆ ಪೊಲೀಸ್ ಗೂಢಚಾರ. ಮೂಲ ಚಿತ್ರದಲ್ಲಿ ಒಳ್ಳೆಯವನು ಸಾಯುತ್ತಾನೆ, ದ್ರೋಹಿ ಇಲಾಖೆಯಲ್ಲೇ ಉಳಿಯುತ್ತಾನೆ. ಚೀನಾದ ಮುಖ್ಯಭೂಮಿಗೆಂದು ಮಾಡಿದ ಪ್ರತಿಯಲ್ಲಿ ಮಾತ್ರ ದ್ರೋಹಿ ಲಿಫ್ಟಿನಿಂದ ಹೊರಬಂದ ಕೂಡಲೇ ಬಂಧನಕ್ಕೊಳಗಾಗುತ್ತಾನೆ. ನನಗೆ ರಾತ್ರಿಯೆಲ್ಲ ಕಾಡಿದ್ದು ಮೊದಲನೆಯದು.

● ಅದೇ ಹಾಂಗ್‌ಕಾಂಗ್‌ನಲ್ಲಿ 1973ರಲ್ಲಿ ಪೀಟರ್ ಗಾಡ್‌ಬರ್ ಎಂಬ ಹಿರಿಯ ಪೊಲೀಸ್ ಅಧಿಕಾರಿ, ತನ್ನ ಮೇಲೆ ತನಿಖೆ ನಡೆಯುತ್ತಿರುವಾಗಲೇ ಬ್ರಿಟನ್ನಿಗೆ ಪರಾರಿಯಾದ. ಜನ ಬೀದಿಗಿಳಿದರು. ಮರುವರ್ಷವೇ ಪೊಲೀಸರ ಹಿಡಿತಕ್ಕೆ ಸಿಗದ ಸ್ವತಂತ್ರ ಭ್ರಷ್ಟಾಚಾರ ವಿರೋಧಿ ಆಯೋಗ ಹುಟ್ಟಿತು. ಗಾಡ್‌ಬರ್‌ನನ್ನು ಕರೆತಂದು ಜೈಲಿಗೂ ಹಾಕಿದರು.

● ‘ಸರ್ಪಿಕೊ’ (1973) ಚಿತ್ರದಲ್ಲಿ ಅಲ್ ಪಚೀನೊ ಮಾಡಿದ ಪಾತ್ರ ಕಲ್ಪನೆಯದಲ್ಲ. ನ್ಯೂಯಾರ್ಕ್ ಪೊಲೀಸ್ ಫ್ರ್ಯಾಂಕ್ ಸರ್ಪಿಕೊ ತನ್ನ ಸಹೋದ್ಯೋಗಿಗಳ ವಸೂಲಿಯ ಬಗ್ಗೆ ಮೇಲಧಿಕಾರಿಗಳಿಗೆ ಹೇಳಿ ಹೇಳಿ ಸೋತರು. ಕೊನೆಗೆ 1970ರ ಏಪ್ರಿಲ್‌ನಲ್ಲಿ ಅದು ‘ನ್ಯೂಯಾರ್ಕ್ ಟೈಮ್ಸ್’ನ ಮುಖಪುಟಕ್ಕೆ ಬಂತು. ಮುಂದಿನ ವರ್ಷ ಫೆಬ್ರುವರಿ 3ರಂದು ಮಾದಕವಸ್ತು ದಾಳಿಯೊಂದರಲ್ಲಿ ಅವರ ಮುಖಕ್ಕೆ ಗುಂಡು ಬಿತ್ತು. ಜೊತೆಗಿದ್ದವರು ನೆರವಿಗೆ ಬರಲಿಲ್ಲ ಎಂಬ ಆರೋಪವನ್ನು ಅವರು ಎಂದೂ ಹಿಂತೆಗೆದುಕೊಳ್ಳಲಿಲ್ಲ. ಬಳಿಕ ಈ ವಸೂಲಿಯ ತನಿಖೆ ನಡೆಸಿದ ನ್ಯಾಪ್ ಆಯೋಗ ಲಂಚಕೋರ ಪೊಲೀಸರನ್ನು ಎರಡು ಜಾತಿಯಾಗಿ ವಿಂಗಡಿಸಿತು: ಹುಲ್ಲು ಮೇಯುವವರು, ಮಾಂಸ ತಿನ್ನುವವರು. ತಾನಾಗಿ ಬಂದ ಮಾಮೂಲನ್ನು ಜೇಬಿಗಿಳಿಸುವವರು ಮೊದಲಿನವರು, ಬೇಟೆಯಾಡಿ ಕಸಿಯುವವರು ಎರಡನೆಯವರು. ಹುಲ್ಲು ಮೇಯುವವರೇ ಬಹುಪಾಲು, ಅವರ ಸಂಖ್ಯೆಯೇ ಲಂಚಕ್ಕೆ ಮರ್ಯಾದೆ ತಂದುಕೊಡುತ್ತದೆ ಎಂದು ಆಯೋಗ ಹೇಳಿತು. ಸರ್ಪಿಕೊಗೆ ಶೌರ್ಯ ಪದಕ ಸಿಕ್ಕಿತು, ಸಮಾರಂಭವಿಲ್ಲದೆ. ಪ್ರಮಾಣಪತ್ರ ಕೈಸೇರಿದ್ದು 2022ರಲ್ಲಿ!

● ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ (1958) ನೋಡಿದ್ದೀರಾ? ಸುಳ್ಳು ಸಾಕ್ಷ್ಯ ಇಟ್ಟು ಒಬ್ಬನನ್ನು ಸಿಕ್ಕಿಸುವ ಪೊಲೀಸ್ ಅಧಿಕಾರಿ ಅದರಲ್ಲಿದ್ದಾನೆ. ಕಡೆಗೆ ಗೊತ್ತಾಗುತ್ತದೆ, ಸಿಕ್ಕಿಬಿದ್ದವನೇ ನಿಜವಾದ ಅಪರಾಧಿ. ಈಗ ಆ ಅಧಿಕಾರಿ ಮಾಡಿದ್ದನ್ನು ಏನೆನ್ನಬೇಕು?

● ‘ರೆಡ್ ಹಾರ್ವೆಸ್ಟ್’ (1929) ಬರೆದ ಡ್ಯಾಶಿಯಲ್ ಹ್ಯಾಮೆಟ್ ಸ್ವತಃ ಪಿಂಕರ್ಟನ್ ಸಂಸ್ಥೆಯ ಪತ್ತೇದಾರರಾಗಿದ್ದವರು. ಆ ಕಾದಂಬರಿಯಲ್ಲಿ ಗಣಿ ಧಣಿಯೊಬ್ಬ ಮುಷ್ಕರ ಮುರಿಯಲು ಗೂಂಡಾಗಳನ್ನು ಕರೆಸುತ್ತಾನೆ. ಮುಷ್ಕರ ಮುರಿದರೂ ಗೂಂಡಾಗಳು ಊರು ಬಿಡುವುದಿಲ್ಲ. ಊರು ತೊಳೆಯಲು ಬಂದ ಪತ್ತೇದಾರನಿಗೇ ನೆತ್ತರಿನ ರುಚಿ ಹತ್ತುತ್ತದೆ.

● ಸಿಸಿಲಿಯ ಲಿಯೊನಾರ್ಡೊ ಶಾಶಾ 1961ರಲ್ಲಿ ಮಾಫಿಯಾ ಬಗ್ಗೆ ಕಾದಂಬರಿ ಬರೆದಾಗ, ಅಂಥದ್ದೊಂದು ಇದೆಯೆಂದು ಒಪ್ಪಲು ಇಟಲಿಯ ಅಧಿಕಾರಸ್ಥರಲ್ಲಿ ಅನೇಕರು ಸಿದ್ಧರಿರಲಿಲ್ಲ. ಮಾಫಿಯಾ ಕೂಟಕ್ಕೆ ಸೇರುವುದೇ ಅಪರಾಧವೆಂಬ ಕಾನೂನು ಬಂದದ್ದು 1982ರಲ್ಲಿ.

● ಮುಂಬಯಿಯ ‘ಅರ್ಧ್ ಸತ್ಯ’ (1983) ಚಿತ್ರಕ್ಕೂ ಮೈಸೂರಿಗೂ ಒಂದು ನಂಟಿದೆ. ನಿರ್ದೇಶಕ ಗೋವಿಂದ ನಿಹಲಾನಿ ಕ್ಯಾಮೆರಾದಲ್ಲಿ ಪಳಗಿದ್ದು ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಸಹಾಯಕರಾಗಿ. ಎಸ್.ಡಿ. ಪಾನವಲ್ಕರ್ ಅವರ ಮರಾಠಿ ಕಥೆ, ವಿಜಯ್ ತೆಂಡೂಲ್ಕರ್ ಚಿತ್ರಕಥೆ. ಸಬ್ ಇನ್‌ಸ್ಪೆಕ್ಟರ್ ವೇಲಣಕರ್ ಸಿಟ್ಟಿನಲ್ಲಿ ಹೊಡೆದ ಏಟಿಗೆ ಲಾಕಪ್ಪಿನಲ್ಲಿ ಆರೋಪಿ ಸಾಯುತ್ತಾನೆ. ಆ ಇನ್‌ಸ್ಪೆಕ್ಟರನ್ನು ಉಳಿಸಬಲ್ಲವನು ಒಬ್ಬನೇ, ಇನ್‌ಸ್ಪೆಕ್ಟರೇ ಹಿಡಿಯಲು ಹೊರಟಿದ್ದ ಪಾತಕಿ ರಾಮಾ ಶೆಟ್ಟಿ. ಅವನೆದುರು ಕೈಕಟ್ಟಿ ನಿಂತ ಓಂ ಪುರಿಯ ಮುಖ ಕಂಡಾಗ, ಲಾಕಪ್ಪಿನಲ್ಲಿ ಸತ್ತವನನ್ನು ಮರೆತು ನಾವು ಇನ್‌ಸ್ಪೆಕ್ಟರನಿಗಾಗಿ ಮರುಗುತ್ತೇವೆ. ಹಾಗೆ ಮರುಗಿದ್ದು ಸರಿಯೇ ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಆ ಪಾತ್ರಕ್ಕೆ ಓಂ ಪುರಿ ರಾಷ್ಟ್ರಪ್ರಶಸ್ತಿ ಪಡೆದರು.

● ಕನ್ನಡದಲ್ಲಿ? ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ರಾಜಕಾರಣಿಯ ಮಗ ಗಾಡಿ ಹರಿಸುವ ಕಥೆಯನ್ನು ಶಂಕರ್ ನಾಗ್ ‘ಆಕ್ಸಿಡೆಂಟ್’ನಲ್ಲಿ ಹೇಳಿದರು. ‘ಕವಲುದಾರಿ’ಯಲ್ಲಿ (2019) ಹಳೆಯ ಕೇಸಿನ ಬೆನ್ನು ಹತ್ತುವವನು ಒಬ್ಬ ಟ್ರಾಫಿಕ್ ಪೊಲೀಸ್.

● ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನಮ್ಮ ನ್ಯಾಯಾಲಯ ಸಾಮಾನ್ಯವಾಗಿ ಆರೋಪಿಯ ವಿರುದ್ಧ ಸಾಕ್ಷ್ಯವೆಂದು ಒಪ್ಪುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೀಗೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯ 23ನೇ ಕಲಮಿನಲ್ಲೂ ಅದು ಉಳಿದಿದೆ. ಕಾರಣ ಹಳೆಯದು: ಆಗ ಬಳ್ಳಾರಿ, ಕರಾವಳಿಗಳೂ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ ಪೊಲೀಸರೂ ಕಂದಾಯದವರೂ ಜನರಿಗೆ ಚಿತ್ರಹಿಂಸೆ ಕೊಡುತ್ತಿದ್ದರೆಂದು 1855ರಲ್ಲೇ ಸರ್ಕಾರದ ಆಯೋಗವೊಂದು ವರದಿ ಕೊಟ್ಟಿತ್ತು.

● ಮಾಡದ ಕಳ್ಳತನವನ್ನು ಒಪ್ಪಿಕೊಳ್ಳುವಂತೆ ಪೊಲೀಸರು ವಲಸೆ ಕೂಲಿಗಳನ್ನು ಬಡಿಯುವ ಕಥೆಯ ತಮಿಳು ಚಿತ್ರ, ವೆಟ್ರಿಮಾರನ್ ಅವರ ‘ವಿಸಾರಣೈ’. ಅದಕ್ಕೆ ಆಧಾರ ‘ಲಾಕಪ್’ ಎಂಬ ಪುಸ್ತಕ. ಬರೆದವರು ಕೊಯಮತ್ತೂರಿನ ಆಟೊ ಚಾಲಕ ಎಂ. ಚಂದ್ರಕುಮಾರ್. ಆ ಏಟುಗಳನ್ನು ತಿಂದವರೂ ಅವರೇ.