ಅಂಜನಾಪುರದ ನೀರಿಗೆ ಸಿಲಿಂಡರ್ ಕಟ್ಟಿ ಇಳಿಯುವ ಮುನ್ನ

ಶಿಕಾರಿಪುರ: ಮುಂಗಾರು ಬಲಗೊಂಡು ಅಂಜನಾಪುರ ಜಲಾಶಯ ಕೋಡಿ ಬಿದ್ದಿತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಜನ ಸಂಸಾರಸಮೇತ ಅತ್ತ ಹೊರಡುವುದು ವಾಡಿಕೆ. ಕುಮುದ್ವತಿಯ ಈ ನೀರು ಗದ್ದೆಗಳಿಗೆ ಜೀವಾಳ, ಕಣ್ಣಿಗೆ ಹಬ್ಬ. ಆದರೆ ಜಲಾಶಯದಲ್ಲೋ ಊರ ಕೆರೆಯಲ್ಲೋ ಯಾರಾದರೂ ಮುಳುಗಿದರೆ ದಡದಲ್ಲಿ ನೆರೆದವರ ಕಣ್ಣೆಲ್ಲ ಊರಿನ ಒಳ್ಳೆಯ ಈಜುಗಾರನತ್ತ ಹೊರಳುತ್ತದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬಂದ ಯುವಕರೂ ಈಗ ಮಲೆನಾಡಿನಲ್ಲಿ ಇದ್ದಾರೆ. ಸಮುದ್ರಕ್ಕೇ ಇಳಿದವರಿಗೆ ಕೆರೆ ಯಾವ ಲೆಕ್ಕ ಎಂಬ ಪ್ರಶ್ನೆ ಸಹಜ. ಉತ್ತರ ಮಾತ್ರ ತಿರುವುಮುರುವು: ಮಲೆನಾಡಿನ ಜಲಾಶಯ ಹಲವು ವಿಧದಲ್ಲಿ ಸಮುದ್ರಕ್ಕಿಂತ ಕಠಿಣ.

ಉಸಿರು ಬಿಗಿಹಿಡಿದರೆ ಅಪಾಯ

ಈಜು ಬಲ್ಲವನು ಮುಳುಗುವಾಗ ಉಸಿರು ಬಿಗಿಹಿಡಿಯುತ್ತಾನೆ. ಸಿಲಿಂಡರ್ ಕಟ್ಟಿದಾಗ ಇದೇ ಅಭ್ಯಾಸ ಪ್ರಾಣಕ್ಕೆ ಸಂಚಕಾರ ತರುತ್ತದೆ. ಆಳದಲ್ಲಿ ಎಳೆದುಕೊಂಡ ಗಾಳಿ ಅಲ್ಲಿನ ಒತ್ತಡಕ್ಕೆ ತಕ್ಕಂತೆ ಸಾಂದ್ರವಾಗಿರುತ್ತದೆ. ಮೇಲೇರುತ್ತಿದ್ದಂತೆ ಅದು ಹಿಗ್ಗುತ್ತದೆ. ಹತ್ತು ಮೀಟರ್ ಆಳದಿಂದ ಬಂದರೆ ಇಮ್ಮಡಿಯಾಗುತ್ತದೆ. ಉಸಿರು ಹೊರಬಿಡದಿದ್ದರೆ ಶ್ವಾಸಕೋಶವೇ ಹರಿಯಬಹುದು. ಆದ್ದರಿಂದಲೇ ಸ್ಕೂಬಾ ತರಬೇತಿಯ ಮೊದಲ ಪಾಠ: ಉಸಿರಾಟ ನಿಲ್ಲಿಸಬೇಡಿ, ನಿಧಾನವಾಗಿ ಮೇಲೇರಿ. ನಿಮಿಷಕ್ಕೆ ಒಂಬತ್ತು ಮೀಟರ್‌ಗಿಂತ ವೇಗ ಸಲ್ಲದು. ಈಜು ಎಷ್ಟೇ ಬಂದರೂ ಈ ತರಬೇತಿ ಇಲ್ಲದವರ ಬೆನ್ನಿಗೆ ಸಿಲಿಂಡರ್ ಕಟ್ಟುವುದು ಸಹಾಯವಲ್ಲ.

ಎತ್ತರದ ಲೆಕ್ಕ, ಸಿಹಿನೀರಿನ ಲೆಕ್ಕ

ಶಿಕಾರಿಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 7ರಷ್ಟು ಕಡಿಮೆ. ಆಳದಲ್ಲಿ ಉಸಿರಾಡುವಾಗ ಸಾರಜನಕ ರಕ್ತದಲ್ಲಿ ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದಾಗ ಅದು ಮೆಲ್ಲನೆ ಹೊರಹೋಗಬೇಕು. ಗೋಲಿ ಸೋಡಾದ ಗೋಲಿ ಒತ್ತಿದೊಡನೆ ನೊರೆ ಏಳುವಂತೆ, ಒತ್ತಡ ಥಟ್ಟನೆ ಇಳಿದರೆ ದೇಹದಲ್ಲೂ ಗುಳ್ಳೆಗಳು ಏಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಇದರ ಪರಿಣಾಮ ಹೋಗಬಹುದು. ಮೇಲ್ಮೈಯಲ್ಲಿ ಒತ್ತಡ ಕಡಿಮೆಯಿದ್ದಷ್ಟೂ ಈ ಅಪಾಯ ಹೆಚ್ಚು. ಆದಕಾರಣ 300 ಮೀಟರ್ ಎತ್ತರ ದಾಟಿದ ಜಲಾಶಯಗಳಲ್ಲಿ ಸಮುದ್ರಮಟ್ಟದ ಕೋಷ್ಟಕಗಳನ್ನು ಹಾಗೆಯೇ ಬಳಸುವಂತಿಲ್ಲ.

ಸಿಹಿನೀರು ಸಮುದ್ರದ ನೀರಿಗಿಂತ ಹಗುರ. ಹಾಗಾಗಿ ದೇಹವನ್ನು ಎತ್ತಿ ಹಿಡಿಯುವ ಅದರ ಬಲವೂ ಕಡಿಮೆ. ಸಲಕರಣೆ ಸೇರಿ ನೂರು ಕಿಲೋ ತೂಗುವ ವ್ಯಕ್ತಿ ಸಮುದ್ರದಲ್ಲಿ ಕಟ್ಟಿಕೊಂಡಷ್ಟೇ ಸೀಸದ ತೂಕವನ್ನು ಇಲ್ಲಿಯೂ ಕಟ್ಟಿಕೊಂಡರೆ ಸುಮಾರು ಎರಡೂವರೆ ಕಿಲೋ ಹೆಚ್ಚಾಗುತ್ತದೆ. ಕೆಸರಿನ ತಳಕ್ಕೆ ಕುಸಿಯಲು ಅಷ್ಟು ಸಾಕು.

ನೇತ್ರಾಣಿಗೆ ಹೋಗಿ ಬರುವವರಿಗೂ ಎತ್ತರದ ಲೆಕ್ಕ ಅನ್ವಯಿಸುತ್ತದೆ. ಬೆಳಿಗ್ಗೆ ಸಮುದ್ರದಲ್ಲಿ ಮುಳುಗಿ, ಮಧ್ಯಾಹ್ನವೇ ಗೇರುಸೊಪ್ಪೆಯ ಘಟ್ಟ ಹತ್ತಿ ಸಾಗರದ ಮೇಲೆ ಸೊರಬಕ್ಕೆ ಬರುವವರು ಸಾರಜನಕ ಹೊರಹೋಗುವ ಮೊದಲೇ ಕಡಿಮೆ ಒತ್ತಡದ ಜಾಗಕ್ಕೆ ಬಂದಂತೆ. ವಿಮಾನ ಏರಲು ಒಂದು ಮುಳುಗಿಗೆ 12 ಗಂಟೆ, ಹಲವು ಮುಳುಗಿಗೆ 18 ಗಂಟೆ ಕಾಯಬೇಕೆಂಬ ಸಲಹೆ ಇದೆ. ಘಟ್ಟದ ಎತ್ತರ ಅಷ್ಟಿಲ್ಲದಿದ್ದರೂ ರಾತ್ರಿ ಕರಾವಳಿಯಲ್ಲೇ ತಂಗಿ ಬರುವುದು ಕ್ಷೇಮ.

ಕಾಣದ ತಳ, ಸೆಳೆಯುವ ತೂಬು

ಮಳೆಗಾಲದ ಕೆಂಪುನೀರಿನಲ್ಲಿ ಕೆಲವೇ ಅಡಿ ಕೆಳಗೆ ತನ್ನ ಕೈ ತನಗೇ ಕಾಣದು. ಜಲಾಶಯದ ತಳ ಬರಿದೂ ಅಲ್ಲ. ಮುಳುಗಿದ ಮರದ ಬೊಡ್ಡೆ, ಹಳೆಯ ಬೇಲಿಯ ತಂತಿ, ಹರಿದ ಮೀನುಬಲೆ ಅಲ್ಲಿರಬಹುದು. ನೆರೆಯ ಸಾಗರ ತಾಲ್ಲೂಕಿನಲ್ಲಿ 1964ರಲ್ಲಿ ತುಂಬಿದ ಲಿಂಗನಮಕ್ಕಿಯ ಹಿನ್ನೀರಿನೊಳಗೆ ಹಿರೇಭಾಸ್ಕರವೆಂಬ ಹಳೆಯ ಅಣೆಕಟ್ಟೇ ಅಡಗಿದೆ. ನೀರು ತಗ್ಗಿದ ಬೇಸಗೆಯಲ್ಲಷ್ಟೇ ಅದು ತಲೆ ಎತ್ತುತ್ತದೆ.

ಎಲ್ಲಕ್ಕಿಂತ ಘೋರವಾದದ್ದು ತೂಬಿನ ಸೆಳೆತ. ಐದು ಮೀಟರ್ ಆಳದಲ್ಲಿ ಒಂದು ಚದರ ಮೀಟರ್ ಅಗಲದ ತೂಬಿನ ಬಾಯಿಯ ಮೇಲೆ ಬೀಳುವ ಭಾರ ಸುಮಾರು ಐದು ಟನ್. ಅದರ ಹೊರಬದಿ ತೆರೆದಿದ್ದರೆ ಬಾಯಿಗೆ ಸಿಕ್ಕಿದ ಮನುಷ್ಯನನ್ನು ಹತ್ತು ಜನ ಹಗ್ಗ ಹಿಡಿದೆಳೆದರೂ ಬಿಡಿಸಲಾಗದು. ಮೇಲೆ ನೀರು ನಿಶ್ಚಲವಾಗಿಯೇ ಕಾಣುತ್ತಿರುತ್ತದೆ. ಗೇಟು ಮುಚ್ಚಿ, ಮುಳುಗಿದವರು ಮೇಲೆ ಬರುವವರೆಗೆ ಯಾರೂ ಅದನ್ನು ಮುಟ್ಟದಂತೆ ಕಾವಲು ಇಡುವುದು ಕಡ್ಡಾಯ.

ದಡದಲ್ಲಿದ್ದವರು ಮಾಡಬೇಕಾದದ್ದು

ಮುಳುಗುತ್ತಿರುವವರು ಕಣ್ಣಿಗೆ ಕಾಣುತ್ತಿರುವಾಗ ಹಗ್ಗ, ಸೀರೆ, ಖಾಲಿ ಕೊಡ, ಮುಚ್ಚಳ ಬಿಗಿದ ಪ್ಲಾಸ್ಟಿಕ್ ಕ್ಯಾನು, ಹೀಗೆ ಕೈಗೆ ಸಿಕ್ಕಿದ್ದನ್ನು ಎಸೆಯಿರಿ, ನೀವು ಧುಮುಕಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ. ಕೊನೆಯ ಬಾರಿ ಕಂಡ ಜಾಗವನ್ನು ಎದುರುದಡದ ಮರಕ್ಕೋ ಬಂಡೆಗೋ ನೇರ ಹೊಂದಿಸಿ ನೆನಪಿಟ್ಟುಕೊಳ್ಳಿ. ಹುಡುಕುವವರಿಗೆ ಇದಕ್ಕಿಂತ ದೊಡ್ಡ ನೆರವಿಲ್ಲ. ನೀರುಗಂಟಿಗೆ ತಿಳಿಸಿ ತೂಬು ಮುಚ್ಚಿಸಿ.

ಸಮಯ ಮೀರಿದ ಬಳಿಕ ನಡೆಯುವುದು ಜೀವದ ಉಳಿವಿನ ಕೆಲಸವಲ್ಲ, ಶೋಧ. ಆಗ ತೆಪ್ಪ, ಪಾತಾಳಗರಡಿ, ಹಗ್ಗಗಳಿಂದ ದೋಣಿಯ ಮೇಲಿನಿಂದಲೇ ಹುಡುಕುವುದು ಮೊದಲ ದಾರಿ; ತರಬೇತಾದ ಮುಳುಗುಗಾರರು ಕೊನೆಯ ದಾರಿ. ಅವರು ಸಹ ಕಾಯಬೇಕಾಗುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ರಭಸಕ್ಕೆ ನೌಕಾಪಡೆಯ ಮುಳುಗುಗಾರರೂ ಹಿಂದೆ ಸರಿಯಬೇಕಾಯಿತು. ನದಿಯಲ್ಲಿ ಹುದುಗಿದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು.

ಮಗನನ್ನು ಕಳೆದುಕೊಂಡ ತಾಯಿ ದಡದಲ್ಲಿ ಗೋಳಿಡುತ್ತಿರುವಾಗ ಕಾಯಿರಿ ಎನ್ನುವುದು ಕಲ್ಲೆದೆಯ ಮಾತೆನಿಸೀತು. ಆದರೆ ಜನರ ಒತ್ತಾಯಕ್ಕೆ ಕಟ್ಟುಬಿದ್ದು ಕೆಂಪುನೀರಿಗೆ ಇಳಿಯುವ ಈಜುಗಾರನಿಗೂ ಮನೆಯಲ್ಲಿ ತಾಯಿ ಇರುತ್ತಾಳೆ. ಅವನನ್ನು ದಡದಲ್ಲಿ ನಿಲ್ಲಿಸಿಕೊಳ್ಳುವುದೂ ಒಂದು ಜೀವ ಉಳಿಸಿದಂತೆಯೇ.