ಶಾಯಿಯಿಲ್ಲದ ಅಚ್ಚು

ಒಣಗಿದ ಕೂದಲನ್ನು ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ತನ್ನೆಡೆಗೆ ಸೆಳೆಯುವುದನ್ನು ಕೆಳತರಗತಿಯ ಮಕ್ಕಳೂ ಬಲ್ಲರು. ಈ ಆಟದಲ್ಲಿ ತೋರುವ ಸ್ಥಿರವಿದ್ಯುತ್ತೇ ಬಣ್ಣದ ಲೇಸರ್ ಮುದ್ರಣಯಂತ್ರದ ಮೂಲಬಲವೆಂದರೆ ಅನೇಕರು ನಂಬಲಾರರು. ಯಂತ್ರದೊಳಗೆ ಬಣ್ಣದ ನೀರಿನ ಕುಪ್ಪಿಗಳಿರುವುವೆಂದೂ ಲೇಸರ್ ಕಿರಣವು ಕಾಗದವನ್ನು ಸುಟ್ಟು ಅಕ್ಷರ ಬರೆಯುವುದೆಂದೂ ತಿಳಿದವರನ್ನು ನಾವು ಕಂಡಿದ್ದೇವೆ. ಎರಡೂ ಸರಿಯಲ್ಲ. ಕಿರಣವು ಕಾಗದವನ್ನು ಮುಟ್ಟುವುದೇ ಇಲ್ಲ, ಶಾಯಿಯಂತೂ ಅಲ್ಲಿಲ್ಲ.

ಈ ವಿದ್ಯೆಯ ಮೂಲಪುರುಷನು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್. ಬಡತನದಲ್ಲಿ ಬೆಳೆದ ಈತನು ಕಂಪೆನಿಯೊಂದರ ಪೇಟೆಂಟ್ ವಿಭಾಗದಲ್ಲಿ ದುಡಿಯುತ್ತ, ಕಾಗದಪತ್ರಗಳ ನಕಲು ತೆಗೆಯುವ ಶ್ರಮದಿಂದ ಬೇಸತ್ತು ಬೇರೆ ಉಪಾಯವನ್ನು ಹುಡುಕಿದನು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ, ಆತನೂ ಸಹಾಯಕನಾದ ಆಟೋ ಕೊರ್ನೈಯೂ ಗಂಧಕ ಲೇಪಿಸಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ ವಿದ್ಯುತ್ತೇರಿಸಿದರು. ಆ ದಿನದ ತಾರೀಖನ್ನೂ ಸ್ಥಳದ ಹೆಸರನ್ನೂ ಬರೆದ ಗಾಜನ್ನು ಅದರ ಮೇಲಿಟ್ಟು ಪ್ರಖರವಾದ ಬೆಳಕನ್ನು ಬೀರಿದರು. ಗಾಜನ್ನು ತೆಗೆದು ನುಣ್ಣನೆಯ ಪುಡಿಯನ್ನುದುರಿಸಿ ಊದಿದಾಗ ಬರೆಹವು ಪುಡಿಯಲ್ಲಿ ಮೂಡಿ ನಿಂತಿತು! ಅದನ್ನು ಮೇಣದ ಕಾಗದಕ್ಕೆ ಒತ್ತಿ ತೆಗೆದುಕೊಂಡರು. ಆದರೂ ಒಂದಾದ ಮೇಲೊಂದು ಕಂಪೆನಿಯು ಇದನ್ನು ಬೇಡವೆಂದಿತು. ಕಡೆಗೆ ಇದನ್ನು ಕೈಗೆತ್ತಿಕೊಂಡ ಕಂಪೆನಿಯೇ ಜೆರಾಕ್ಸ್ ಎಂಬ ಹೆಸರನ್ನು ಪಡೆಯಿತು. ನಮ್ಮ ಪೇಟೆಗಳ ಅಂಗಡಿಯ ಫಲಕಗಳಲ್ಲಿ ನಕಲಿಗೆ ಅದೇ ಹೆಸರು ನಿಂತಿದೆ. ಬರೆದ ಗಾಜಿನ ಸ್ಥಾನದಲ್ಲಿ ಲೇಸರ್ ಕಿರಣವನ್ನು ತಂದವನು ಅದೇ ಕಂಪೆನಿಯ ಗ್ಯಾರಿ ಸ್ಟಾರ್ಕ್‌ವೆದರ್. 1971ರಲ್ಲಿ ಆತನ ಯಂತ್ರವು ಕೆಲಸಮಾಡಿ ತೋರಿಸಿತು.

ಇಂದಿನ ಯಂತ್ರದಲ್ಲಿ ತಗಡಿಗೆ ಬದಲಾಗಿ ಒಂದು ಉರುಳೆಯಿದೆ. ಅದರ ಲೇಪಕ್ಕೊಂದು ವಿಚಿತ್ರ ಗುಣವುಂಟು: ಕತ್ತಲಲ್ಲಿ ಅದು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆಳಕು ಬಿದ್ದೆಡೆಯಲ್ಲಿ ಬಿಟ್ಟುಬಿಡುತ್ತದೆ. ಮೊದಲು ಉರುಳೆಯ ಮೈಗೆಲ್ಲ ಋಣವಿದ್ಯುತ್ತನ್ನು ಏರಿಸುತ್ತಾರೆ. ವೇಗವಾಗಿ ತಿರುಗುವ ಬಹುಮುಖದ ಕನ್ನಡಿಯೊಂದು ಲೇಸರ್ ಕಿರಣವನ್ನು ಆ ಕೊನೆಯಿಂದ ಈ ಕೊನೆಗೆ ಗೆರೆಗೆರೆಯಾಗಿ ಓಡಿಸುತ್ತದೆ. ಚುಕ್ಕೆ ಬೇಕಾದಲ್ಲಿ ಕಿರಣವು ಹತ್ತುತ್ತದೆ, ಬೇಡವಾದಲ್ಲಿ ಆರುತ್ತದೆ. ಹೀಗೆ ಉರುಳೆಯ ಮೇಲೆ ಕಣ್ಣಿಗೆ ಕಾಣದ ಒಂದು ವಿದ್ಯುಚ್ಚಿತ್ರವು ಸಿದ್ಧವಾಗುವುದು. ಋಣವಿದ್ಯುತ್ತನ್ನೇ ಹೊತ್ತ ಪುಡಿಯು ಅದರ ಬಳಿಗೆ ಬಂದಾಗ, ವಿದ್ಯುತ್ತುಳಿದ ಭಾಗವು ಅದನ್ನು ದೂರ ತಳ್ಳುತ್ತದೆ; ಬೆಳಕು ಬಿದ್ದ ಚುಕ್ಕೆಗಳು ಮಾತ್ರ ಅದನ್ನು ಅಂಟಿಸಿಕೊಳ್ಳುತ್ತವೆ. ಟೋನರ್ ಎನ್ನುವುದು ಈ ಪುಡಿಯನ್ನೇ. ಅದು ಬಹುಮಟ್ಟಿಗೆ ಬಣ್ಣ ಬೆರೆಸಿದ ಪ್ಲಾಸ್ಟಿಕ್ಕು. ಅದರ ಕಣವು ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತಲೂ ಸಾಮಾನ್ಯವಾಗಿ ಚಿಕ್ಕದು.

ಬಣ್ಣದ ಯಂತ್ರದಲ್ಲಿ ಇಂಥ ಉರುಳೆಗಳು ಸಾಮಾನ್ಯವಾಗಿ ನಾಲ್ಕು: ಹಳದಿ, ಕೆನ್ನೇರಳೆ, ತಿಳಿನೀಲಿ ಮತ್ತು ಕಪ್ಪು. ಪ್ರತಿಯೊಂದೂ ತನ್ನ ಪಾಲಿನ ಚಿತ್ರವನ್ನು ಒಂದು ಪಟ್ಟಿಯ ಮೇಲೆ ಇಳಿಸುತ್ತದೆ. ಧನವಿದ್ಯುತ್ತಿನ ಸೆಳೆತದಿಂದ ಅದೆಲ್ಲವೂ ಪಟ್ಟಿಯಿಂದ ಕಾಗದಕ್ಕೆ ಬರುತ್ತದೆ. ನಾಲ್ಕು ಚಿತ್ರಗಳೂ ಕೂದಲೆಳೆಯಷ್ಟೂ ಸರಿಯದೆ ಒಂದರ ಮೇಲೊಂದು ಕೂರಬೇಕು. ಸರಿದರೆ ಅಂಚಿನಲ್ಲಿ ಬೇರೆ ಬಣ್ಣವು ಇಣುಕುತ್ತದೆ. ಆಮೇಲೆ ಕಾಗದವು ಬಿಸಿಯಾದ ಎರಡು ರೋಲುಗಳ ನಡುವೆ ನುಸುಳುವಾಗ ಪುಡಿಯು ಕರಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಯಂತ್ರದಿಂದ ಬಂದ ಹಾಳೆಯು ಬೆಚ್ಚಗಿರುವುದು ಇದರಿಂದಲೇ. ತಾಯಂದಿರಿಗೊಂದು ಮಾತು: ಈ ಪುಡಿ ಬಟ್ಟೆಗೆ ಬಿದ್ದರೆ ಕೊಡವಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದಿರೋ, ಕಲೆಯು ಶಾಶ್ವತವಾಯಿತು!

ಹಸಿರು ಪುಡಿಯಿಲ್ಲದೆ ಹಸಿರು ಹೇಗೆ? ಹಳದಿಯ ಮೇಲೆ ತಿಳಿನೀಲಿ ಬಿದ್ದರೆ ಹಸಿರು, ಹಳದಿಗೆ ಕೆನ್ನೇರಳೆ ಸೇರಿದರೆ ಕೆಂಪು. ಮೂರೂ ಸೇರಿ ಕಪ್ಪಾಗಬೇಕಷ್ಟೆ; ಆಗುವುದು ಮಣ್ಣುಬಣ್ಣ, ಆದುದರಿಂದ ಕಪ್ಪಿಗೆ ಬೇರೆ ಪುಡಿ. ಬಿಳಿಯ ಪುಡಿ ಬೇಕಿಲ್ಲ, ಕಾಗದವೇ ಬಿಳಿ. ತಿಳಿಬಣ್ಣಕ್ಕೂ ಬೇರೆ ಪುಡಿಯಿಲ್ಲ. ಚುಕ್ಕೆಗಳು ಕಿರಿದಾಗಿ ನಡುವೆ ಬಿಳಿಯು ಹೆಚ್ಚಾದರೆ ಕಣ್ಣು ಅದನ್ನು ತಿಳಿಯಾಗಿ ಕಾಣುತ್ತದೆ. ಒಂದು ಅಂಗುಲಕ್ಕೆ 600 ಚುಕ್ಕೆಗಳ ಯಂತ್ರವಾದರೆ, ಒಂದು ಚದರ ಅಂಗುಲದಲ್ಲಿ 3,60,000 ಚುಕ್ಕೆಗಳಿಗೆ ಎಡೆಯುಂಟು.

ಗಡಿಯಾಚೆಯ ಕನ್ನಡ ಶಾಲೆಗಳವರಾದ ನಮಗೆ ಈ ಚುಕ್ಕೆಗಳ ಲೆಕ್ಕದಲ್ಲಿ ವಿಶೇಷವಾದ ಆಸಕ್ತಿ. ಮೊಳೆ ಜೋಡಿಸುವ ಕಾಲದಲ್ಲಿ ನಮ್ಮ ಕಾಗುಣಿತಕ್ಕೂ ಒತ್ತಕ್ಷರಗಳಿಗೂ ಬಗೆಬಗೆಯ ಸೀಸದ ಮೊಳೆಗಳು ಬೇಕಾಗಿದ್ದವು. ಊರಿನ ಅಚ್ಚುಕೂಟದಲ್ಲಿ ಕನ್ನಡದ ಮೊಳೆಯಿಲ್ಲದಿದ್ದರೆ ಅಲ್ಲಿ ಕನ್ನಡದ ಪ್ರಶ್ನಪತ್ರಿಕೆಯೂ ಇಲ್ಲ. ಲೇಸರ್ ಯಂತ್ರಕ್ಕೋ ಕನ್ನಡ, ಮಲಯಾಳ, ತಮಿಳು, ಮರಾಠಿಗಳೆಂಬ ಭೇದವಿಲ್ಲ. ಗಣಕವು ಅಕ್ಷರವನ್ನು ಚುಕ್ಕೆಗಳಾಗಿ ಬಿಡಿಸಿ ಕಳುಹಿಸಿದರೆ ಸಾಕು. 'ಜ್ಞ'ವೂ 'ಕ್ಷ್ಮಿ'ಯೂ ಒಂದು ಸೊನ್ನೆಯಷ್ಟೇ ಸುಲಭ. ನದಿಗಳ ಹೆಸರನ್ನು ಕನ್ನಡದಲ್ಲೇ ಬರೆದ ಬಣ್ಣದ ಭೂಪಟವನ್ನು, ಮೂವತ್ತು ಮಕ್ಕಳಿದ್ದರೆ ಮೂವತ್ತೇ ಪ್ರತಿಯಾಗಿ, ಶಾಲೆಯಲ್ಲಿಯೇ ತೆಗೆಯಬಹುದು. ಬಣ್ಣದ ಪುಡಿಗೆ ಬೆಲೆ ಹೆಚ್ಚೆಂಬುದು ನಿಜ. ಪ್ರಶ್ನಪತ್ರಿಕೆಗೆ ಕಪ್ಪೊಂದೇ ಸಾಕು.

ಅಂಥ ಭೂಪಟವೊಂದು ಕೈಗೆ ಬಂದಾಗ ಪ್ರಯೋಗಶಾಲೆಯ ಮಸೂರವನ್ನು ಅದರ ಮೇಲೆ ಹಿಡಿದು ನೋಡಿರಿ. ಸಮುದ್ರದ ತಿಳಿನೀಲಿಯು ಬಿಳಿಯ ಕಾಗದದ ಮೇಲೆ ಹರಡಿದ ಬಿಡಿಬಿಡಿ ಚುಕ್ಕೆಗಳಾಗಿ ಒಡೆದು ತೋರುವುದು. ಕಾಡಿನ ಹಸಿರಿನಲ್ಲಿ ಹಳದಿಯೂ ನೀಲಿಯೂ ಬೇರೆಬೇರೆಯಾಗಿಯೇ ಕುಳಿತಿರುವುವು.