ಕಡಲಿಲ್ಲದ ನಾಡಿನ ಉಸುಕಿನ ದಂಡೆ

ಉಸುಕಿನ ದಂಡೆ ಎಂದೊಡನೆ ನಮ್ಮ ಮನಸ್ಸು ಕಡಲಿನ ಕಡೆಗೆ ಓಡುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮಗೆ ಕಡಲು ದೂರ. ಆದರೆ ಉಸುಕಿನ ದಂಡೆಯನ್ನು ಕಾಣಲು ಘಟ್ಟವಿಳಿದು ಹೋಗಬೇಕಾಗಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರ, ಮದಲಗಟ್ಟಿಗಳ ಬಳಿ ತುಂಗಭದ್ರೆಯ ತೀರಕ್ಕೆ ಚಳಿಗಾಲದ ಒಂದು ಮುಂಜಾವಿನಲ್ಲಿ ಹೋದರೆ ಸಾಕು. ಜಾತ್ರೆಯ ದಿನಗಳನ್ನು ಬಿಟ್ಟರೆ ನೀರಿನಂಚು ನಿಶ್ಶಬ್ದವಾಗಿರುತ್ತದೆ. ಮಳೆಗಾಲದ ಹೊನಲು ಇಳಿದ ಮೇಲೆ ತೆರವಾದ ಉಸುಕಿನ ಮೇಲೆ ಹಕ್ಕಿಗಳ ಹೆಜ್ಜೆಗುರುತುಗಳಷ್ಟೇ ಮೂಡಿರುತ್ತವೆ. ಇದನ್ನು ಕೆಲವರು ಹಾಳುನೆಲವೆಂದೂ, ಕೆಲವರು ಲಾರಿಗೆ ತುಂಬುವ ಸರಕೆಂದೂ ಬಗೆಯುವುದುಂಟು. ಇದು ಎರಡೂ ಅಲ್ಲವೆಂಬುದನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡಿ ಅರಿಯೋಣ.

ಒಂದು ಹಿಡಿ ಉಸುಕನ್ನು ಅಂಗೈಯಲ್ಲಿ ಹರಡಿರಿ. ಹೆಚ್ಚಿನ ಕಣಗಳು ಬೆಣಚಿನವು. ಕೂಡ್ಲಿಗಿ ಸೀಮೆಯ ಗುಡ್ಡಗಳಂತಹ ಕಗ್ಗಲ್ಲಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಎಂಬ ಖನಿಜಗಳು ಬೆರೆತಿರುತ್ತವೆ. ಬಿಸಿಲು ಮಳೆಗಳಿಗೆ ಸಿಕ್ಕಿ ಫೆಲ್ಡ್‌ಸ್ಪಾರ್ ಕಾಲಕ್ರಮದಲ್ಲಿ ಜೇಡಿಯಾಗುತ್ತದೆ. ಜೇಡಿ ನೀರಿನಲ್ಲಿ ತೇಲಿ ದೂರ ಸಾಗುತ್ತದೆ. ಗಟ್ಟಿಯಾದ ಬೆಣಚು ಮಾತ್ರ ಕರಗದೆ, ಕೊಳೆಯದೆ ಉಳಿದು, ಹೊಳೆಯ ತಳದಲ್ಲಿ ಉರುಳುತ್ತ, ನೆಗೆಯುತ್ತ ಬರುತ್ತದೆ. ಹಾಗೆ ಉಳಿದುಬಂದ ಕಣಗಳ ಕೂಟವೇ ಈ ದಂಡೆ.

ಈ ಕಣಗಳು ಹೊಳೆ ತಿರುಗುವೆಡೆಯಲ್ಲಿ ಒಳಬದಿಗೇ ಏಕೆ ಸೇರುತ್ತವೆ? ಉತ್ತರ ಚಹಾದ ಲೋಟದಲ್ಲಿದೆ. ನೀರಿನಲ್ಲಿ ಚಹಾದ ಚರಟವನ್ನು ಹಾಕಿ ಚಮಚದಿಂದ ತಿರುಗಿಸಿ ಬಿಡಿರಿ. ಚರಟವು ಅಂಚಿಗೆ ಸರಿಯದೆ ತಳದ ನಡುವೆ ಗುಡ್ಡೆಯಾಗುತ್ತದೆ. ಸುತ್ತುವ ನೀರಿನಲ್ಲಿ ಅಂಚಿನ ಕಡೆ ಒತ್ತಡ ಹೆಚ್ಚು. ತಳದ ನೀರಿನ ವೇಗವು ಘರ್ಷಣೆಯಿಂದ ತಗ್ಗಿರುವುದರಿಂದ, ಆ ಒತ್ತಡವು ಅದನ್ನು ನಡುವಿಗೆ ತಳ್ಳುತ್ತದೆ; ಚರಟವೂ ಜೊತೆಗೆ ಸಾಗುತ್ತದೆ. ಹೊಳೆಯ ತಿರುವಿನಲ್ಲಿಯೂ ಹೀಗೆಯೇ ತಳದ ನೀರು ಉಸುಕನ್ನು ಒಳದಂಡೆಗೆ ಒಯ್ಯುತ್ತದೆ. ಈ ಸಾಮ್ಯವನ್ನು 1926ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ಆಲ್ಬರ್ಟ್ ಐನ್‌ಸ್ಟೈನರು.

ಇನ್ನು ನೀರಿನಂಚಿಗೆ ನಡೆಯೋಣ. ಒದ್ದೆ ಉಸುಕಿನ ಮೇಲೆ ಕಾಲೂರಿದೊಡನೆ ಪಾದದ ಸುತ್ತ ನೆಲ ಬೆಳ್ಳಗಾಗಿ ಒಣಗಿದಂತೆ ತೋರುತ್ತದೆ. ಒತ್ತಿದರೆ ನೀರು ಮೇಲೆ ಉಕ್ಕಬೇಕಲ್ಲವೆ? ಇದರ ಮರ್ಮವನ್ನು 1885ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಬಿಡಿಸಿದರು. ಒತ್ತಾಗಿ ಕೂತ ಕಣಗಳು ಪಕ್ಕಕ್ಕೆ ಸರಿಯಬೇಕಾದರೆ ಒಂದರ ಮೇಲೊಂದು ಏರಲೇಬೇಕು. ಆಗ ಕಣಗಳ ನಡುವಣ ಎಡೆ ಹಿಗ್ಗುತ್ತದೆ. ಮೇಲಿನ ನೀರು ಆ ಎಡೆಗಳಿಗೆ ಇಳಿಯುತ್ತದೆ.

ಈ ಎಡೆಗಳೇ ದಂಡೆಯ ನಿಜವಾದ ಐಶ್ವರ್ಯ. ಒಣ ಉಸುಕು ತುಂಬಿದ ಲೋಟಕ್ಕೆ ಅಳೆದು ನೀರು ಹೊಯ್ದು ನೋಡಿರಿ. ಲೋಟದ ಮೂರನೆಯ ಒಂದು ಪಾಲಿನಷ್ಟು ನೀರು ಅದರಲ್ಲಿ ಅಡಗುತ್ತದೆ. ಈ ಲೆಕ್ಕದಂತೆ ಒಂದು ಘನ ಮೀಟರು ಉಸುಕು ಸುಮಾರು 300 ಲೀಟರು ನೀರನ್ನು ಹಿಡಿಯಬಲ್ಲುದು. ಮೇಲಿನ ಒಣ ಪದರವೇ ಮುಚ್ಚಳವಾಗಿ ಆವಿಯಾಗುವುದನ್ನು ತಗ್ಗಿಸುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ನಮ್ಮ ಹಿರಿಯರು ಉಸುಕಿನಲ್ಲಿ ಒರತೆ ತೋಡಿ ಕೊಡ ತುಂಬುತ್ತಿದ್ದುದು ಈ ಭಂಡಾರದಿಂದಲೇ.

ಇದೇ ಬೆಣಚು ಉತ್ತರದ ಚಳಿಗಡಲಾದ ಬಾಲ್ಟಿಕ್‌ನ ದಂಡೆಗಳಲ್ಲಿಯೂ ಉಂಟು. ಅಲ್ಲಿ ಬಂಡೆಯನ್ನು ಅರೆದುದು ಹಿಮಯುಗದ ಮಂಜಿನ ರಾಶಿ. ಇಲ್ಲಿ ಬಿಸಿಲು ಮತ್ತು ಮಳೆ. ಲಿಥುವೇನಿಯ ಹಾಗೂ ರಷ್ಯಗಳಿಗೆ ಸೇರಿದ ಕುರೋನಿಯನ್ ಸ್ಪಿಟ್ ಎಂಬ ಉಸುಕಿನ ಪಟ್ಟಿ 98 ಕಿಲೋಮೀಟರು ಉದ್ದದ್ದು. ಹಿಂದೆ ಅಲ್ಲಿಯ ಕಾಡನ್ನು ಕಡಿದಾಗ ಉಸುಕು ಗಾಳಿಗೆ ಎದ್ದು ಹಲವು ಹಳ್ಳಿಗಳನ್ನು ಹೂತುಹಾಕಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮರ ನೆಟ್ಟು ಅದನ್ನು ಕಟ್ಟಿಹಾಕಬೇಕಾಯಿತು. ಬಳ್ಳಾರಿ ಸೀಮೆಯ ಹಗರಿಯ ದಂಡೆಯಲ್ಲಿಯೂ ಬೇಸಿಗೆಯ ಗಾಳಿಗೆ ಉಸುಕು ಹೊಲಗಳಿಗೆ ನುಗ್ಗುವುದು ಹಳೆಯ ಅನುಭವ.

ದಂಡೆಯೆಂಬುದು ನಿಂತ ವಸ್ತುವಲ್ಲ. ಬರುವ ಹೋಗುವ ಉಸುಕಿನ ನಡುವಣ ಸಮತೋಲ ಎಂಬುದು ಇದರಿಂದ ತಿಳಿಯುತ್ತದೆ. ನಮ್ಮ ಹೊಳೆಯಲ್ಲಿ ಈ ಸಮತೋಲ ಎರಡು ಕಡೆಯಿಂದ ಕದಡಿದೆ. ಮೇಲೆ ಭದ್ರಾ ಅಣೆಕಟ್ಟಿನಂತಹವು ಬರುವ ಉಸುಕನ್ನು ತಡೆಯುತ್ತವೆ. ಅಣೆಕಟ್ಟು ಎಷ್ಟನ್ನು ಹಿಡಿದಿಡುತ್ತದೆ ಎಂಬುದಕ್ಕೆ ಕೆಳಗಿನ ತುಂಗಭದ್ರಾ ಜಲಾಶಯವೇ ಸಾಕ್ಷಿ: 1953ರಲ್ಲಿ ಸುಮಾರು 133 ಟಿ.ಎಂ.ಸಿ. ಇದ್ದ ಅದರ ಧಾರಣಶಕ್ತಿ 2016ರ ಅಳತೆಯಲ್ಲಿ ಸುಮಾರು 105ಕ್ಕೆ ಇಳಿದಿತ್ತು. ಇನ್ನೊಂದು ಕಡೆ ಕಟ್ಟಡಗಳಿಗಾಗಿ ದಂಡೆಯಿಂದ ಉಸುಕನ್ನು ಒಯ್ಯುವುದು. ಹೊಳೆ ತುಂಬಿಕೊಡುವುದಕ್ಕಿಂತ ಹೆಚ್ಚಾಗಿ ತೆಗೆದರೆ ತಳ ಇಳಿಯುತ್ತದೆ, ಒರತೆ ಬತ್ತುತ್ತದೆ, ಹತ್ತಿರದ ಬಾವಿಗಳ ನೀರೂ ಕೆಳಗಿಳಿಯುತ್ತದೆ. ತೋಡಿದ ಗುಂಡಿಗಳು ನೀರಿನಡಿಯಲ್ಲಿ ಕಾಣದಿರುವುದರಿಂದ ಮೀಯಲಿಳಿದವರ ಪ್ರಾಣಕ್ಕೂ ಅಪಾಯ. ಹೊಳೆ ಮರಳಿ ತುಂಬುವಷ್ಟನ್ನೇ ತೆಗೆಯಬೇಕೆಂಬುದು 2016ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಯ ತಿರುಳು.

ಆದರೆ ಎಷ್ಟು ತುಂಬಿತು ಎಂಬುದನ್ನು ಅಳೆಯದೆ ಹೇಳುವುದೆಂತು? ಇದು ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. ದಂಡೆಗೆ ಎದುರಾಗಿ ಕದಲದ ಬಂಡೆಯನ್ನೋ ಘಟ್ಟದ ಮೆಟ್ಟಿಲನ್ನೋ ಗುರುತಾಗಿ ಇಟ್ಟುಕೊಳ್ಳಿರಿ. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ಹಿಡಿದು, ಉಸುಕು ಆ ಗುರುತಿಗಿಂತ ಎಷ್ಟು ಕೆಳಗಿದೆಯೆಂದು ಹಿರಿಯರೊಡನೆ ಹೋಗಿ ಪ್ರತಿವರ್ಷ ಹೊನಲು ಇಳಿದ ಮೇಲೆ ಒಮ್ಮೆ, ಬೇಸಿಗೆಯ ಕೊನೆಗೆ ಒಮ್ಮೆ ಬರೆದಿಡಿರಿ. ಕೆಲವು ವರ್ಷಗಳ ಇಂತಹ ಅಂಕೆಗಳು ಕೈಯಲ್ಲಿದ್ದರೆ ದಂಡೆ ಬೆಳೆಯುತ್ತಿದೆಯೋ ಸವೆಯುತ್ತಿದೆಯೋ ಎಂಬ ಮಾತು ಬರಿಯ ಊಹೆಯಾಗಿ ಉಳಿಯದು.